ನೊರೆ ಬಾರದ ಗಾಯ

ಹಸಿ ಆಲೂಗಡ್ಡೆಯ ಒಂದು ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿಡಿ. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮಾರುತ್ತಾರಲ್ಲ, ಅದನ್ನು ಅಪ್ಪನಿಗೋ ಅಮ್ಮನಿಗೋ ಹೇಳಿ ಬಿಲ್ಲೆಯ ಮೇಲೆ ನಾಲ್ಕು ಹನಿ ಹಾಕಿಸಿ. ಬುಸುಬುಸು ನೊರೆ ಏಳುತ್ತದೆ. ಚೆನ್ನಾಗಿ ಬೆಂದ ಆಲೂಗಡ್ಡೆಯ ಮೇಲೆ ಹಾಕಿಸಿ ನೋಡಿ, ನೊರೆಯೇ ಇಲ್ಲ!

ಆ ನೊರೆಗುಳ್ಳೆಗಳೊಳಗೆ ಇರುವುದು ಆಮ್ಲಜನಕ. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡಿದ್ದು ಕ್ಯಾಟಲೇಸ್ ಎಂಬ ಕಿಣ್ವ. ಕಿಣ್ವವೂ ಒಂದು ಪ್ರೋಟೀನೇ, ಕುದಿಸಿದರೆ ಕೆಟ್ಟುಹೋಗುತ್ತದೆ. ಕೆಡದಿದ್ದಾಗ ಮಾತ್ರ ಅದರ ವೇಗ ಕೇಳಲೇಬೇಡಿ: ಕ್ಯಾಟಲೇಸಿನ ಒಂದೇ ಒಂದು ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಒಡೆದು ಹಾಕುತ್ತದೆ.

ಆಲೂಗಡ್ಡೆಗೆ ಇದೆಲ್ಲ ಯಾಕೆ ಬೇಕು? ಹೊಲದಲ್ಲಿ ಯಾರೂ ಅದರ ಮೇಲೆ ಪೆರಾಕ್ಸೈಡ್ ಸುರಿಯುವುದಿಲ್ಲವಲ್ಲ! ಸುರಿಯುವುದೇ ಬೇಡ, ಅದು ಒಳಗೇ ಹುಟ್ಟುತ್ತದೆ. ನಿಮ್ಮೊಳಗೂ ಹುಟ್ಟುತ್ತಿದೆ, ಈಗ, ಇದನ್ನು ಓದುತ್ತಿರುವಾಗಲೇ.

ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗಗಳಿವೆ. ಉಂಡ ಅನ್ನದಿಂದ ಶಕ್ತಿ ತೆಗೆಯುವುದು ಮುಖ್ಯವಾಗಿ ಅವುಗಳ ಕೆಲಸ, ಅದಕ್ಕೆ ಆಮ್ಲಜನಕ ಬೇಕು. ಒಲೆ ಉರಿಯುವಾಗ ಕಿಡಿ ಸಿಡಿದಂತೆ, ಈ ಕೆಲಸದ ನಡುವೆ ಕೆಲವು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಆಗ ಹುಟ್ಟುವುದೇ ಸೂಪರ್‌ಆಕ್ಸೈಡ್. ಅದರಿಂದಲೂ ಅದರ ಬಳಗದಿಂದಲೂ ಕೊಬ್ಬು, ಪ್ರೋಟೀನು, ಡಿಎನ್ಎ ಎಲ್ಲಕ್ಕೂ ಏಟು ಬೀಳುತ್ತದೆ. ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದು ಬರೆದಿರುವುದು ಡಿಎನ್ಎಯಲ್ಲೇ. ಆ ಬರಹ ಕೆಟ್ಟು ಕೋಶಕ್ಕೆ ನಿಲ್ಲುವುದೇ ಮರೆತುಹೋದರೆ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಸೂಪರ್‌ಆಕ್ಸೈಡನ್ನು ಹಿಡಿಯುವ ಕಿಣ್ವವನ್ನು ಗುರುತಿಸಿದ ಕಥೆ ನನಗಂತೂ ಬಲು ಇಷ್ಟ. 1938ರಲ್ಲೇ ಹಸುವಿನ ರಕ್ತದಿಂದ ತಾಮ್ರವಿರುವ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. ಅದು ಏನು ಮಾಡುತ್ತದೆಂದು ಮೂವತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋ ಮೆಕಾರ್ಡ್ ಮತ್ತು ಅವರ ಗುರು ಇರ್ವಿನ್ ಫ್ರಿಡೊವಿಚ್ ಅದರ ಕೆಲಸವನ್ನು ಕಂಡುಹಿಡಿದರು. ಎರಡು ಸೂಪರ್‌ಆಕ್ಸೈಡ್‌ಗಳನ್ನು ಸೇರಿಸಿ ಅದು ಒಂದು ಪೆರಾಕ್ಸೈಡ್, ಒಂದು ಆಮ್ಲಜನಕ ಮಾಡುತ್ತದೆ. ಹೆಸರು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. ಉಳಿದ ಪೆರಾಕ್ಸೈಡಿನ ಗತಿ? ಅದಕ್ಕೆ ನಮ್ಮ ಕ್ಯಾಟಲೇಸ್ ಇದೆ. ಸೆಲೆನಿಯಂ ಇಟ್ಟುಕೊಂಡು ಕೆಲಸ ಮಾಡುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕೂಡ ಇದೆ.

ಕ್ಯಾಟಲೇಸ್ ಇಲ್ಲದ ಮನುಷ್ಯರೂ ಇದ್ದಾರೆ ಗೊತ್ತಾ? 1940ರ ದಶಕದಲ್ಲಿ ಜಪಾನಿನ ವೈದ್ಯ ತಕಹಾರ ಒಬ್ಬ ಹುಡುಗಿಯ ಬಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಗಾಯಕ್ಕೆ ಪೆರಾಕ್ಸೈಡ್ ಸುರಿದರು. ನೊರೆ ಬರಲಿಲ್ಲ, ರಕ್ತ ಕಂದುಗಪ್ಪಾಯಿತು! ಅಂಥವರಲ್ಲಿ ಕೆಲವರಿಗೆ ಬಾಯಿಹುಣ್ಣು ಕಾಡುತ್ತದೆ, ಅನೇಕರಿಗೆ ಏನೂ ಆಗುವುದಿಲ್ಲ. ಒಂದು ಕಿಣ್ವ ಇಲ್ಲದಿದ್ದರೆ ಇನ್ನೊಂದು ಸುಧಾರಿಸುತ್ತದೆ.

ಎಲ್ಲಾ ಕಿಣ್ವಗಳಿಗೂ ಈ ಮಾತು ಹೊಂದುವುದಿಲ್ಲ. ಮೈಟೊಕಾಂಡ್ರಿಯಾದೊಳಗೆ ಮ್ಯಾಂಗನೀಸ್ ಇರುವ ಡಿಸ್ಮ್ಯುಟೇಸ್ ಒಂದಿದೆ. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕುತ್ತವೆ. ತಾಮ್ರದ ಡಿಸ್ಮ್ಯುಟೇಸ್ ಇಲ್ಲದವು ಬೆಳೆದು ದೊಡ್ಡವಾಗುತ್ತವೆ, ಆದರೆ ಆಯಸ್ಸು ಕಡಿಮೆ. ಮುಪ್ಪಿನಲ್ಲಿ ಹಲವಕ್ಕೆ ಯಕೃತ್ತಿನ ಕ್ಯಾನ್ಸರ್ ಬರುತ್ತದೆ.

ಸೂಪರ್‌ಆಕ್ಸೈಡಿನ ಬಳಗದ ಇಂಥ ಏಟುಗಳು ಕೂಡುತ್ತಾ ಹೋಗುವುದರಿಂದಲೇ ಮುಪ್ಪು ಬರುತ್ತದೆ ಎಂದು ವಿಜ್ಞಾನಿ ಡೆನ್ಹಮ್ ಹಾರ್ಮನ್ 1956ರಲ್ಲೇ ಹೇಳಿದ್ದರು. ಹಾಗಾದರೆ ಏಟು ಹಾಕುವ ಈ ಕಣಗಳನ್ನು ತಣ್ಣಗಾಗಿಸುವ ಮಾತ್ರೆ ನುಂಗಿದರಾಯಿತಲ್ಲ? ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಕೆಲವರಿಗೆ ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್‌ನ ಮಾತ್ರೆ, ಕೆಲವರಿಗೆ ಬರೀ ಹುಸಿಮಾತ್ರೆ. 1994ರಲ್ಲಿ ಫಲಿತಾಂಶ ನೋಡಿದರೆ, ಬೀಟಾ ಕ್ಯಾರೊಟಿನ್ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! (ಕ್ಯಾರೆಟ್ ಪಲ್ಯ ಬೇಡವೆನ್ನಲು ಇದನ್ನು ನೆಪ ಮಾಡಿಕೊಳ್ಳಬೇಡಿ. ತರಕಾರಿಯೇ ಬೇರೆ, ದಿನವೂ ನುಂಗುವ ಗಟ್ಟಿ ಮಾತ್ರೆಯೇ ಬೇರೆ.)

ಈ ಕಣಗಳನ್ನು ಬರೀ ಶತ್ರುಗಳೆಂದು ಲೆಕ್ಕ ಹಾಕಿದ್ದೇ ಅವಸರದ ಮಾತು. ನಮ್ಮ ಬಿಳಿರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ. ಅಲ್ಪಸ್ವಲ್ಪ ಪೆರಾಕ್ಸೈಡು ಕೋಶದೊಳಗೆ ಸುದ್ದಿ ಒಯ್ಯುತ್ತದೆ. ಕ್ಯಾನ್ಸರಿಗೆ ಕೊಡುವ ವಿಕಿರಣವೂ ಬಹುಪಾಲು ಇಂಥ ಕಣಗಳನ್ನು ಎಬ್ಬಿಸಿಯೇ ಕೆಟ್ಟ ಕೋಶಗಳನ್ನು ಸಾಯಿಸುವುದು. ಕ್ಯಾನ್ಸರ್ ಕೋಶವೇನು ದಡ್ಡನೇ? ಸದಾ ಬೆಳೆಯುವ ಅದರಲ್ಲಿ ಕಣಗಳ ಕಾಟ ಜಾಸ್ತಿ, ಹಾಗಾಗಿ ಅದೂ ಇದೇ ರಕ್ಷಣೆಯ ಮೊರೆ ಹೋಗುತ್ತದೆ. ಈ ಕಿಣ್ವಗಳಲ್ಲಿ ಹಲವನ್ನು ಹೆಚ್ಚಿಸಲು ನಮ್ಮ ಕೋಶಗಳಲ್ಲಿ ಎನ್‌ಆರ್‌ಎಫ್2 ಎಂಬ ಸ್ವಿಚ್ ಇದೆ. ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಅದು ಆರುವುದೇ ಇಲ್ಲ. ಒಳ್ಳೆಯ ಕೋಶವನ್ನು ಕಾಯುವ ಕಿಣ್ವಗಳೇ ಕೆಟ್ಟ ಕೋಶವನ್ನೂ ಕಾಯುತ್ತವೆ.

ಹಾರ್ಮನ್ನರ ಲೆಕ್ಕವನ್ನು ಇನ್ನಷ್ಟು ಕಾಡುವ ಪ್ರಾಣಿಯೊಂದು ಪೂರ್ವ ಆಫ್ರಿಕಾದ ನೆಲದಡಿ ಬಿಲ ತೋಡಿಕೊಂಡಿದೆ. ಮೈಮೇಲೆ ಕೂದಲಿಲ್ಲದ, ಉದ್ದ ಹಲ್ಲಿನ ತೋಡಿಲಿ ಅದು. ಸಾಧಾರಣ ಇಲಿ ಮೂರು ವರ್ಷ ಬದುಕಿದರೆ ಹೆಚ್ಚು, ಇದು ಮೂವತ್ತು ದಾಟುತ್ತದೆ. ಕ್ಯಾನ್ಸರ್ ಇದಕ್ಕೆ ಬರುವುದು ಬಹಳ ಅಪರೂಪ. ಇದರ ಕೋಶಗಳಲ್ಲಿ ಏಟಿನ ಗುರುತುಗಳೇ ಇರುವುದಿಲ್ಲ ಎಂದುಕೊಂಡಿರಾ? ಚಿಕ್ಕ ವಯಸ್ಸಿನಲ್ಲೇ ಇಲಿಗಿಂತ ಹೆಚ್ಚಿರುತ್ತವೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕೂಡ ಇಲಿಗಿಂತ ಇದರಲ್ಲೇ ಬಹಳ ಕಡಿಮೆ.