ತೌಬಾ ಮಾಡಿದವನಿಗೆ ಒಂದು ಊರು ಬೇಕು

(ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತೌಬಾದ ಕುರಿತಾದ ಮಾತನ್ನು ನಾವು ಒಂದು ಸಿನೆಮಾದಿಂದ ಆರಂಭಿಸುತ್ತಿರುವುದಕ್ಕೆ ಹಿರಿಯರು ಹುಬ್ಬೇರಿಸಬಹುದು. ಅರಬಿ ವ್ಯಾಕರಣ ಓದಿದವರು ಮೂಕಿ ಚಿತ್ರದ ಗೊಡವೆಗೆ ಹೋಗಬಾರದೆಂಬ ನಿಯಮವನ್ನು ನಾವಂತೂ ಎಲ್ಲೂ ಓದಿಲ್ಲ.

1915ರಲ್ಲಿ ಅಮೆರಿಕದಲ್ಲಿ ರಾವುಲ್ ವಾಲ್ಶ್ ನಿರ್ದೇಶನದ ‘ರೀಜನರೇಶನ್’ ತೆರೆಕಂಡಿತು. ಪಾತಕಿಗಳ ಬದುಕನ್ನು ಚಿತ್ರಿಸಿದ ಮೊದಮೊದಲ ಪೂರ್ಣಾವಧಿ ಚಿತ್ರಗಳಲ್ಲಿ ಅದೂ ಒಂದು. ನ್ಯೂಯಾರ್ಕಿನ ಬಡವರ ಕೇರಿಗಳಲ್ಲೇ, ಅಲ್ಲಿನ ಜನರನ್ನೂ ಸೇರಿಸಿಕೊಂಡು ಚಿತ್ರೀಕರಿಸಿದ್ದರಿಂದ ಆ ಮುಖಗಳಲ್ಲಿ ಕೃತಕತೆಯಿಲ್ಲ.

ಓವೆನ್ ಹತ್ತು ವರ್ಷದ ಅನಾಥ. ನೆರೆಮನೆಯವರು ಕರೆದೊಯ್ದರೂ ಸಿಕ್ಕಿದ್ದು ಏಟು. ಇಪ್ಪತ್ತೈದರಲ್ಲಿ ಅವನು ಪುಂಡರ ನಾಯಕ. ಶ್ರೀಮಂತ ಮನೆತನದ ಮೇರಿ ಎಂಬಾಕೆ ಕುತೂಹಲಕ್ಕೆಂದು ಆ ಕೇರಿಗೆ ಬಂದವಳು ಸೇವಾಕೇಂದ್ರದಲ್ಲೇ ಉಳಿಯುತ್ತಾಳೆ. ಆ ಒರಟನಿಗೆ ಓದುಬರಹ ಕಲಿಸುತ್ತಾಳೆ. ಗಮನಿಸಿ, ಅವನ ಬದಲಾವಣೆಗೆ ಉಪದೇಶಕ್ಕಿಂತ ಹೆಚ್ಚು ಒದಗಿದ್ದು ಅಕ್ಷರ ಮತ್ತು ಬಂದು ಕುಳಿತುಕೊಳ್ಳಲು ಒಂದು ಜಾಗ. ಆದರೆ ಹಳೆಯ ಸಂಗಾತಿಯೊಬ್ಬ ಪೊಲೀಸನಿಗೆ ಇರಿದು ಆಶ್ರಯ ಕೇಳಿದಾಗ ಓವೆನ್ ಅವನನ್ನು ಅಡಗಿಸುತ್ತಾನೆ. ಅದೇ ಸಂಗಾತಿಯ ಗುಂಡಿಗೆ ಮೇರಿ ಬಲಿಯಾಗುತ್ತಾಳೆ. ಸೇಡಿಗಾಗಿ ಅವನ ಕೊರಳು ಹಿಡಿದ ಓವೆನ್‌ನ ಕಣ್ಣೆದುರು ಮೇರಿಯ ರೂಪ ಮೂಡುತ್ತದೆ, ಹಿಡಿತ ಸಡಿಲಗೊಳ್ಳುತ್ತದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಓಡುತ್ತಿದ್ದ ಖಳನನ್ನು ಓವೆನ್‌ನ ಇನ್ನೊಬ್ಬ ಗೆಳೆಯ ಗುಂಡಿಕ್ಕಿ ಕೊಲ್ಲುತ್ತಾನೆ. ನಾಯಕನ ಕೈಯೂ ಶುದ್ಧ, ಪ್ರೇಕ್ಷಕನ ಸೇಡಿಗೂ ತೃಪ್ತಿ! ಈ ಜಾಣತನ ನಮಗೆ ಹಿಡಿಸಲಿಲ್ಲ.

ಚಿತ್ರಕ್ಕೆ ಮೂಲವಾದ ಬದುಕು ಇನ್ನಷ್ಟು ಗಂಭೀರವಾದುದು. ಓವೆನ್ ಕಿಲ್ಡೇರ್ ಎಂಬವರ ಆತ್ಮಕಥೆ 1903ರಲ್ಲಿ ಪ್ರಕಟವಾಯಿತು. ಸುಮಾರು ಮೂವತ್ತರ ತನಕ ಅವರಿಗೆ ಓದು ಬಾರದು. ಕಲಿಸಿದ ಶಿಕ್ಷಕಿ ಮದುವೆಗೆ ಮೊದಲೇ ಕಾಯಿಲೆಯಿಂದ ತೀರಿಕೊಂಡಳು. ಗುಂಡೂ ಇಲ್ಲ, ಖಳನೂ ಇಲ್ಲ, ಹಗೆ ತೀರಿಸಲು ಯಾರೂ ಇಲ್ಲ. ಆದರೂ ಅವರು ಲೇಖನಿ ಹಿಡಿದು ಬರಹಗಾರರಾದರು. 1911ರಲ್ಲಿ ನಿಧನರಾದ ಅವರು ಈ ಚಿತ್ರವನ್ನು ನೋಡಲಿಲ್ಲ.

ತೊಂಬತ್ತೊಂಬತ್ತು ಜನರನ್ನು ಕೊಂದವನ ವೃತ್ತಾಂತವನ್ನು ಪ್ರವಾದಿ(ಸ) ಹೇಳಿದ್ದು ಬುಖಾರಿ, ಮುಸ್ಲಿಮ್‌ಗಳೆರಡರಲ್ಲೂ ಇದೆ. ನಿನಗೆ ತೌಬಾ ಇಲ್ಲವೆಂದ ಸನ್ಯಾಸಿ ನೂರನೆಯವನಾಗಿ ಹತನಾದ. ಬಳಿಕ ಸಿಕ್ಕಿದ ವಿದ್ವಾಂಸನು ತೌಬಾದ ಬಾಗಿಲು ತೆರೆದಿದೆಯೆಂದ. ಮಾತ್ರವಲ್ಲ, ಆ ಕೆಟ್ಟ ಊರನ್ನು ಬಿಟ್ಟು ಸಜ್ಜನರಿರುವ ಊರಿಗೆ ಹೋಗೆಂದ. ಈ ಎರಡನೆಯ ಮಾತು ನಮ್ಮ ಪ್ರವಚನಗಳಲ್ಲಿ ಬಿಟ್ಟುಹೋಗುತ್ತದೆ. ಆತ ದಾರಿಯಲ್ಲೇ ಸತ್ತ. ಮಲಕ್‌ಗಳು ದೂರವನ್ನು ಅಳೆದಾಗ ಸಜ್ಜನರ ಊರಿಗೇ ಹತ್ತಿರವಿದ್ದ.

ಶಿಕ್ಷೆ ಮುಗಿಸಿ ಬಂದವನಿಗೆ ನಮ್ಮ ಮೊಹಲ್ಲಾ ಯಾವ ಊರು? ಮಸೀದಿಯಲ್ಲಿ ಅವನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತೇವೆ. ಹೊರಗೆ ಬಂದರೆ ಬಾಡಿಗೆಗೆ ಮನೆಯಿಲ್ಲ, ಅಂಗಡಿಯಲ್ಲಿ ಕೆಲಸವಿಲ್ಲ, ತಂಗಿಗೆ ಸಂಬಂಧವಿಲ್ಲ. ವರ್ಷಗಟ್ಟಲೆ ವಿಚಾರಣಾಧೀನ ಕೈದಿಯಾಗಿದ್ದು ನಿರ್ದೋಷಿಯೆಂದು ಬಿಡುಗಡೆಗೊಂಡವನಿಗೆ ತೌಬಾದ ಪ್ರಶ್ನೆಯೇ ಇಲ್ಲ. ಅವನಿಗೂ ನಾವು ಅದೇ ನೋಟ ಬೀರುತ್ತೇವಲ್ಲ! ಹಳೆಯ ಸಂಗಾತಿ ಮಾತ್ರ ಜೈಲಿನ ಬಾಗಿಲಲ್ಲೇ ಕಾದಿರುತ್ತಾನೆ, ಬೈಕಿನೊಂದಿಗೆ.

ಜಮಾಅತ್ ಸಮಿತಿಯ ಹಿರಿಯರು ಇಲ್ಲಿಯೇ ಇದ್ದೀರಿ. ಮದ್ರಸಾದ ಕೋಣೆ ಇಶಾ ನಂತರ ಖಾಲಿ ಇರುತ್ತದೆ. ಕಲಿಸಲು ನಾವು ಸಿದ್ಧರಿದ್ದೇವೆ. ಬೀಗದ ಕೈ ಕೊಡುವಿರಾ?