ಸೌರಶಕ್ತಿ ಕಲಿಸುವ ಸಹಭಾಗಿತ್ವದ ಪಾಠ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷೆ ಕಲಿಸುವ ಮೇಷ್ಟ್ರಿಗೂ ಸೌರಶಕ್ತಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದ ಜಾಣ ಮಕ್ಕಳು ಪ್ರತಿ ವರ್ಷ ನನ್ನ ಬಳಿ ಬಂದು ಒಂದು ಮಾತು ಹೇಳುತ್ತಾರೆ: "ಸರ್, ನಾವು ಉರ್ದುವಿನಲ್ಲಿ, ಕನ್ನಡದಲ್ಲಿ ಕಲಿತವರು. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. ವಿಜ್ಞಾನ ನಮಗೆ ಬೇಡ." ಈ ಮಾತಿಗೆ ಉತ್ತರ ಕೊಡಲೆಂದೇ ಇಂದು ನಿಮ್ಮನ್ನು ದೂರದ ಒಂದು ಊರಿಗೆ ಕರೆದೊಯ್ಯುತ್ತೇನೆ.

ಸ್ಪೇನಿನ ದಕ್ಷಿಣದಲ್ಲಿ ಅಲ್ಮೇರಿಯಾ ಎಂಬ ನಗರವಿದೆ. ಅರಬಿಯ 'ಅಲ್‌ಮರಿಯ್ಯ', ಅಂದರೆ ಕಾವಲು ಗೋಪುರ ಎಂಬುದೇ ಅದರ ಹೆಸರಿನ ಮೂಲ. 955ರಲ್ಲಿ ಖಲೀಫ ಮೂರನೆಯ ಅಬ್ದುರ್ರಹ್ಮಾನ್ ಸ್ಥಾಪಿಸಿದ ನಗರವದು. ಅದರ ಸಮೀಪದ ತಬೆರ್ನಾಸ್ ಎಂಬ ಬರಡು ಬಯಲಿನಲ್ಲಿ 1981ರಲ್ಲಿ ಎರಡು ಪ್ರಾಯೋಗಿಕ ಸೌರ ವಿದ್ಯುತ್ ಸ್ಥಾವರಗಳು ಆರಂಭವಾದವು. ಒಂದೊಂದರ ಸಾಮರ್ಥ್ಯ 500 ಕಿಲೋವ್ಯಾಟ್. ಒಂದರಲ್ಲಿ ಬಾಗಿದ ಕನ್ನಡಿಗಳು ಬಿಸಿಲನ್ನು ಒಟ್ಟುಗೂಡಿಸಿ ಎಣ್ಣೆಯನ್ನು ಕಾಯಿಸುತ್ತಿದ್ದವು. ಇನ್ನೊಂದರಲ್ಲಿ ಗೋಪುರದ ಮೇಲೆ ದ್ರವರೂಪದ ಸೋಡಿಯಂ ಕಾಯುತ್ತಿತ್ತು. ಆ ಶಾಖದಿಂದ ಹಬೆ, ಹಬೆಯಿಂದ ವಿದ್ಯುತ್.

ಇದು ಒಂದು ದೇಶದ ಕೆಲಸವಾಗಿರಲಿಲ್ಲ. ಸ್ಪೇನ್, ಪಶ್ಚಿಮ ಜರ್ಮನಿ, ಇಟಲಿ, ಗ್ರೀಸ್, ಸ್ವೀಡನ್, ಅಮೆರಿಕ ಸೇರಿದಂತೆ ಒಂಬತ್ತು ದೇಶಗಳು ಅದರಲ್ಲಿ ಪಾಲುದಾರರಾಗಿದ್ದವು. 1986ರಲ್ಲಿ ಸೋಡಿಯಂಗೆ ಬೆಂಕಿ ಹತ್ತಿ ಅನಾಹುತವಾಯಿತು. ಆದರೂ ಸ್ಪೇನ್ ಮತ್ತು ಜರ್ಮನಿಯ ಸಂಶೋಧಕರು ಅದೇ ಬಯಲಿನಲ್ಲಿ ಕೆಲಸ ಮುಂದುವರಿಸಿದರು. 2009ರಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ 'ಸ್ಫೇರಾ' ಎಂಬ ಯೋಜನೆ ಆರಂಭವಾಯಿತು. ಸ್ಪೇನಿನ ಸಿಯೆಮಾಟ್, ಜರ್ಮನಿಯ ಡಿಎಲ್‌ಆರ್, ಫ್ರಾನ್ಸಿನ ಸಿಎನ್‌ಆರ್‌ಎಸ್, ಇಟಲಿಯ ಎನಿಯಾ ಮೊದಲಾದ ಸಂಸ್ಥೆಗಳು ಅದರಲ್ಲಿ ಕೈಜೋಡಿಸಿ, ತಮ್ಮ ಪ್ರಯೋಗಾಲಯಗಳನ್ನು ಹೊರಗಿನ ಸಂಶೋಧಕರಿಗೂ ತೆರೆದವು.

ವಿದ್ಯಾರ್ಥಿಗಳೇ, ಗಮನಿಸಿ. ಈ ನಾಲ್ಕು ದೇಶಗಳಲ್ಲಿ ಯಾವುದರ ಭಾಷೆಯೂ ಇಂಗ್ಲಿಷ್ ಅಲ್ಲ. ಅಲ್ಲಿನ ಮಕ್ಕಳು ತಮ್ಮ ನುಡಿಯಲ್ಲಿ ವಿಜ್ಞಾನ ಕಲಿತು, ಒಟ್ಟಾಗಿ ದುಡಿಯಲು ಇಂಗ್ಲಿಷನ್ನೂ ಕಲಿಯುತ್ತಾರೆ. ಹಿಂದೆ ಇದೇ ಯುರೋಪ್ ಅರಬಿಯಿಂದ ಕಲಿತಿತ್ತು. ಬಾಗಿದ ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸುವ ಗಣಿತವನ್ನು ಸಾವಿರ ವರ್ಷಗಳ ಹಿಂದೆ ಇಬ್ನುಲ್ ಹೈಸಮ್ ಬರೆದರು. ಅದು ಲ್ಯಾಟಿನ್ನಿಗೆ ಅನುವಾದವಾಯಿತು. ಅವರ ಹೆಸರು ಹೇಳಿ ನಾವು ಹೆಮ್ಮೆಪಟ್ಟರೆ ಸಾಲದು. ಅನ್ಯ ಭಾಷೆಯಿಂದ ಕಲಿಯಲು ಅಂದಿನ ಯುರೋಪಿನ ವಿದ್ವಾಂಸರು ನಾಚಲಿಲ್ಲ, ನಾವೇಕೆ ನಾಚಬೇಕು?

ಇದೆಲ್ಲ ದೂರದ ಮಾತು ಎನ್ನುವಿರಾದರೆ, ನಮ್ಮ ಕೋಟದ ಬಳಿಯ ಹಂದಟ್ಟು ಮೂಲದ ಹರೀಶ್ ಹಂದೆಯವರನ್ನು ನೋಡಿ. ಖರಗ್‌ಪುರದ ಐಐಟಿಯಲ್ಲಿ, ಬಳಿಕ ಅಮೆರಿಕದಲ್ಲಿ ಓದಿದ ಅವರು 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಸಂಸ್ಥೆ ಆರಂಭಿಸಿದರು. ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿ ಸುಲಭ ಎಂಬುದನ್ನು ಬೀದಿಬದಿಯ ವ್ಯಾಪಾರಿಯಿಂದ ಕಲಿತೆನೆಂದು ಅವರೇ ಹೇಳಿದ್ದಾರೆ. ದೀಪವನ್ನು ಮನೆ ಮುಟ್ಟಿಸಲು ಎಂಜಿನಿಯರ್ ಒಬ್ಬರೇ ಸಾಲಲಿಲ್ಲ. ಸಾಲ ಕೊಡುವ ಬ್ಯಾಂಕು, ರಿಪೇರಿ ಮಾಡುವ ತಂತ್ರಜ್ಞ, ಕಂತು ಕಟ್ಟುವ ಬಡವ ಎಲ್ಲರೂ ಪಾಲುದಾರರಾದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾದರೆ ನಮ್ಮ ಪಾಲು ಏನು? ಮನೆಯಲ್ಲಿ ಬ್ಯಾರಿ, ನವಾಯತಿ, ಉರ್ದು, ಹೊರಗೆ ಕುಂದಾಪುರ ಕನ್ನಡ ಆಡುವ ನಮ್ಮ ಮಕ್ಕಳಿಗೆ ಮತ್ತೊಂದು ಭಾಷೆ ಕಲಿಯುವುದು ದೊಡ್ಡ ಮಾತಲ್ಲ. ಕಲಿಸುವವರು ಬೇಕು, ಅಷ್ಟೇ. ಆದ್ದರಿಂದ ಸಂಘಕ್ಕೆ ನನ್ನ ಎರಡು ಅರಿಕೆಗಳಿವೆ. ಏಪ್ರಿಲ್, ಮೇ ರಜೆಯಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುವವರಿಗಾಗಿ ವಿಜ್ಞಾನದ ಇಂಗ್ಲಿಷ್ ತರಗತಿ ನಡೆಸೋಣ. ವಾರಕ್ಕೆ ಎರಡು ದಿನ ಸಂಬಳವಿಲ್ಲದೆ ನಾನು ಬರುತ್ತೇನೆ, ವಿಜ್ಞಾನ ಬಲ್ಲ ಅಧ್ಯಾಪಕರು ಜೊತೆಗೂಡಲಿ. ಬಡ್ಡಿಯ ಸಾಲಕ್ಕೆ ಹಿಂಜರಿಯುವ ಮನೆಗಳ ಮಕ್ಕಳಿಗೆ ಶುಲ್ಕ ಕಟ್ಟಲು ಕರ್ಜೆ ಹಸನಾ ನಿಧಿಯೊಂದು ಇರಲಿ. ಕೊಟ್ಟ ಹಣ ಮರಳಿ ಬಂದರೆ ಮುಂದಿನ ವರ್ಷ ಇನ್ನೊಂದು ಮಗುವಿಗೆ ದಾರಿಯಾಗುತ್ತದೆ.

ಮಕ್ಕಳೇ, ವಿಜ್ಞಾನ ಬೇಡವೆಂದು ನೀವೊಬ್ಬರೇ ಕೂತು ತೀರ್ಮಾನಿಸಬೇಡಿ. ಒಂಬತ್ತು ದೇಶಗಳೇ ಒಂದರ ಕೈ ಇನ್ನೊಂದು ಹಿಡಿದು ನಡೆದಿವೆ. ನೀವು ನಿಮ್ಮ ಮೇಷ್ಟ್ರ ಕೈ ಹಿಡಿಯಲು ಸಂಕೋಚವೇಕೆ?

ಅಲ್ಲಾಹನು ನಮ್ಮ ಪ್ರಯತ್ನದಲ್ಲಿ ಬರಕತ್ ನೀಡಲಿ. ವಸ್ಸಲಾಮ್.