ಸುಗ್ಗಿಯ ಬೆಲೆ, ಆಷಾಢದ ಬೆಲೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕುರುಡುಮಲೆಯ ವಿನಾಯಕನಿಗೆ ಕೈಮುಗಿದು ನನ್ನ ನಾಲ್ಕು ಮಾತು ಶುರುಮಾಡುತ್ತೇನೆ. ಹಬ್ಬದ ದಿನ ಲೆಕ್ಕದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಸಂಘ ಹುಟ್ಟಿದ್ದೇ ಲೆಕ್ಕಕ್ಕಾಗಿ, ಅದಕ್ಕೇ ಸಂಕೋಚವಿಲ್ಲದೆ ಹೇಳ್ತೀನಿ.

ನಮ್ಮ ಕಡೆ ರಾಗಿ ಕೊಯ್ಲು ಕಾರ್ತೀಕ, ಮಾರ್ಗಶಿರದಲ್ಲಿ. ಕಣ ಮುಗಿಯುವ ಹೊತ್ತಿಗೆ ಗೊಬ್ಬರದ ಬಾಕಿ, ಕೈಸಾಲ, ಮಗಳ ಮದುವೆ ಎಲ್ಲವೂ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಎಲ್ಲರೂ ಒಂದೇ ತಿಂಗಳಲ್ಲಿ ಮೂಟೆ ಹೊರಗೆ ಹಾಕಿದರೆ ಬೆಲೆ ಇಳಿಯದೆ ಇನ್ನೇನಾಗುತ್ತೆ? ಆಷಾಢ, ಶ್ರಾವಣಕ್ಕೆ ಮನೆಯ ರಾಗಿ ತೀರಿ, ಮಾರಿದವನೇ ಅಂಗಡಿಯಲ್ಲಿ ಹೆಚ್ಚು ಕೊಟ್ಟು ಕೊಳ್ಳುತ್ತಾನೆ. ಕೂಲಿಯವರ ಪಾಡು ಇನ್ನೂ ಕಷ್ಟ, ಅವರು ವರ್ಷವಿಡೀ ಕೊಳ್ಳುವವರೇ.

ಈ ಎರಡು ಬೆಲೆಗಳ ನಡುವಿನ ಅಂತರವೆಲ್ಲ ಮೋಸವಲ್ಲ. ಇಟ್ಟುಕೊಳ್ಳುವುದಕ್ಕೂ ಖರ್ಚಿದೆ. ಲೆಕ್ಕಕ್ಕೆ, ಸುಗ್ಗಿಯಲ್ಲಿ ಕ್ವಿಂಟಾಲಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ಆರು ತಿಂಗಳು ಇಡಬೇಕು. ಕೈಯಲ್ಲಿ ದುಡ್ಡಿಲ್ಲದೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದವನಿಗೆ ಬಡ್ಡಿಯೇ 540. ಒಂದು ರೂಪಾಯಿ ಬಡ್ಡಿಗೆ ಸಿಕ್ಕರೆ 180. ಚೀಲ, ಬಾಡಿಗೆ, ಇಲಿ ತಿಂದದ್ದು ಸೇರಿ ಇನ್ನೊಂದು 100 ಅನ್ನಿ. ಆಷಾಢದಲ್ಲಿ 3,400 ಬಂದರೆ ಎರಡನೆಯವನಿಗೆ 120 ಲಾಭ, ಮೊದಲನೆಯವನಿಗೆ 240 ನಷ್ಟ. ರಾಗಿ ಒಂದೇ, ಮಳಿಗೆ ಒಂದೇ. ಬಡ್ಡಿ ಮಾತ್ರ ಬೇರೆ. ಉಗ್ರಾಣದ ಮಾತು ಎತ್ತಿದರೆ ಸಾಲದ ಮಾತು ಬಂದೇ ಬರುತ್ತೆ ಅನ್ನೋದು ಇದಕ್ಕೇ.

ಇಡುವ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹಗೇವು ಕಂಡ ಹಿರಿಯರು ಇಲ್ಲಿ ಕೂತಿದ್ದೀರಿ. ನೀರು ಜಿನುಗದ ಗಟ್ಟಿ ನೆಲ ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ತೀರಿಹೋಗುತ್ತೆ, ಹುಳ ಬದುಕೋದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರಿದ ಹಾಗೆ. ಇವತ್ತು ಪೇಟೆಯಲ್ಲಿ ಸಿಗುವ ಗಾಳಿಯಾಡದ ಪ್ಲಾಸ್ಟಿಕ್ ಚೀಲದ ಗುಟ್ಟೂ ಇದೇ! ರಾಗಿಗೆ ಹುಳ ಬೀಳುವುದು ಕಡಿಮೆ. ಅವರೆಗೆ, ಹುರುಳಿಗೆ ಹಾಗಲ್ಲ, ಕೆಮ್ಮಣ್ಣು ಕಟ್ಟದೆ, ಬಿಸಿಲು ತೋರಿಸದೆ ಇಟ್ಟರೆ ಹೊಟ್ಟು ಮಾತ್ರ ಉಳಿಯುತ್ತೆ. ಟೊಮೆಟೊ ಕಥೆ ನಿಮಗೇ ಗೊತ್ತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತು. ಬೇರೆ ವರ್ಷ ಅದನ್ನೇ ರಸ್ತೆ ಪಕ್ಕ ಸುರಿದಿದ್ದೇವೆ. ಇಡಲಾಗದ ಬೆಳೆಯ ಹಣೆಬರಹ ಅದು. ಇಡಬಲ್ಲ ರಾಗಿಯನ್ನೂ ನಾವು ಟೊಮೆಟೊ ಹಾಗೆ ಅವಸರದಲ್ಲಿ ಮಾರುವುದು ನನಗೆ ಸರಿಕಾಣುವುದಿಲ್ಲ.

ಹಗೇವಿಗೂ ಮಿತಿ ಇತ್ತು. ಒಂದು ಮಳೆಗಾಲ ತಪ್ಪಿದರೆ ಅದು ಊರನ್ನು ದಾಟಿಸೀತು, ಸಾಲಾಗಿ ತಪ್ಪಿದರೆ ಅದೂ ಬರಿದು. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಜನ ಇಲ್ಲವಾದರು.

ಸರ್ಕಾರ ಬೆಂಬಲ ಬೆಲೆ ಕೊಡುತ್ತದಲ್ಲ ಅಂತ ನೀವು ಕೇಳಬಹುದು. ಕೊಡುತ್ತೆ. ರಾಗಿಗೆ 2017-18ರಲ್ಲಿ 1,900 ಇದ್ದದ್ದು 2024-25ಕ್ಕೆ 4,290 ಆಯಿತು. ಆ ರಾಗಿ ನ್ಯಾಯಬೆಲೆ ಅಂಗಡಿಗೆ ಬಂದದ್ದರಿಂದ ಕೂಲಿಯವರಿಗೂ ಅನುಕೂಲವಾಗಿದೆ. ಆದರೆ ಹೆಸರು ನೋಂದಾಯಿಸಬೇಕು, ಇಷ್ಟೇ ಕ್ವಿಂಟಾಲ್ ಎಂಬ ಮಿತಿ ಇದೆ, ಖಾತೆಗೆ ಹಣ ಬರುವ ತನಕ ಕಾಯಬೇಕು. ಕಾಯಲಾರದವನು ಕಣದಲ್ಲೇ ಮಾರುತ್ತಾನೆ.

ಆಫ್ರಿಕಾದ ಕೀನ್ಯಾದಲ್ಲಿ ಮುಸುಕಿನ ಜೋಳದ ರೈತರದೂ ಇದೇ ಗೋಳು. ಅಲ್ಲಿ ಕೆಲವರಿಗೆ ಸುಗ್ಗಿಯ ಹೊತ್ತಿಗೇ ಸಾಲ ಕೊಟ್ಟು ನೋಡಿದರು. ಅವರು ಕಾಳು ಇಟ್ಟುಕೊಂಡು ಆಮೇಲೆ ಮಾರಿದರು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಾಕಿದ ಹಣಕ್ಕೆ ನೂರಕ್ಕೆ 29ರಷ್ಟು ಪ್ರತಿಫಲ ಸಿಕ್ಕಿತು. ಇನ್ನೊಂದು ಮಾತು: ಸಾಲ ಪಡೆದವರು ಹೆಚ್ಚಿದ್ದ ಕಡೆ ಸಂತೆಯ ಬೆಲೆಯ ಏರಿಳಿತವೇ ತಗ್ಗಿತು. ಹಾಗಾದಾಗ ಇಟ್ಟವನ ಲಾಭ ಸ್ವಲ್ಪ ಕುಗ್ಗುತ್ತೆ ನಿಜ, ಆದರೆ ಕೊಂಡು ತಿನ್ನುವವನ ಹೊಟ್ಟೆ ತಣ್ಣಗಾಗುತ್ತೆ. ಸಂಘದಲ್ಲಿ ಇಬ್ಬರೂ ಇದ್ದೀರಿ.

ನಮ್ಮಲ್ಲಿ ಅಡಮಾನ ಸಾಲ ಹೊಸದೇನಲ್ಲ. ರಾಜ್ಯ ಉಗ್ರಾಣ ನಿಗಮ 1957ರಿಂದಲೇ ಇದೆ, ಅದರ ರಸೀದಿ ತೋರಿಸಿ ಸಾಲ ಪಡೆಯಬಹುದು. ಆದರೆ ಮೂರು ಮೂಟೆ ರಾಗಿಯವನು ಗಾಡಿ ಬಾಡಿಗೆ ಕೊಟ್ಟು ಅಲ್ಲಿಗೆ ಹೋಗುತ್ತಾನೆಯೇ? ಮಳಿಗೆ ಊರಲ್ಲೇ ಇರಬೇಕು, ಬೀಗದ ಒಂದು ಕೈ ಸಂಘದ ಕಾರ್ಯದರ್ಶಿಯ ಹತ್ತಿರ, ಇನ್ನೊಂದು ಸದಸ್ಯರ ಪರವಾಗಿ ಒಬ್ಬರ ಹತ್ತಿರ. ತೂಕ ಎಲ್ಲರೆದುರು ಆಗಬೇಕು. ರಾಗಿ ಹಲ್ಲಿಗೆ ಕಟಕ್ ಅನ್ನುವಷ್ಟು ಒಣಗಿರಬೇಕು, ಹಸಿ ಮೂಟೆ ಒಂದೇ ಇದ್ದರೂ ಪಕ್ಕದ ಹತ್ತಕ್ಕೆ ಬೂಸ್ಟು. ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾಲ ಕೊಡುವುದು ಬೇಡ, ಯಾಕೆಂದರೆ ಆಷಾಢದಲ್ಲಿ ಬೆಲೆ ಏರದ ವರ್ಷವೂ ಬರುತ್ತೆ.

ಮೊದಲ ವರ್ಷಕ್ಕೆ ಸಂಘದ ಗೊಬ್ಬರದ ಮಳಿಗೆಯ ಅರ್ಧ ಭಾಗ ಸಾಕು, ನಡುವೆ ಗೋಡೆ ಹಾಕಿಸಿದರಾಯಿತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ನಿರ್ಧಾರ ಕೊಯ್ಲಿಗೆ ಮುಂಚೆ ಆಗಲಿ, ಕಣ ಮುಗಿದ ಮೇಲೆ ಅಲ್ಲ.